ವೀಗನ್ ಸನ್‌ಸ್ಕ್ರೀನ್ ಮತ್ತು ಸೀಗೆಪುಡಿ: ಬೋರ್‌ವೆಲ್ ನೀರಿನ ಊರಿನಲ್ಲಿ ಬಳಸಿದವರು ದಯವಿಟ್ಟು ತಿಳಿಸಿ

ಹಿರಿಯೂರು ಟೀಚರ್ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಹಿರಿಯೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಮನೆಯಿಂದ ಶಾಲೆಗೆ 14 ಕಿಲೋಮೀಟರ್ ದೂರವಿದ್ದು, ದಿನವೂ ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ. ಬೆಳಗಿನ ಹೊತ್ತು ಅಷ್ಟಾಗಿ ತೊಂದರೆಯಿಲ್ಲ. ಆದರೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಡುಮಧ್ಯಾಹ್ನದ ಬಿಸಿಲಿನಲ್ಲಿ ಮರಳುವಾಗ ಮುಖ ಕಾದ ಕಾವಲಿಯಂತಾಗುತ್ತದೆ. ಎರಡನೆಯ ಹೆರಿಗೆಯ ನಂತರ ಕೆನ್ನೆಯ ಮೇಲೆ ಬಂಗು ಬೇರೆ ಕಾಣಿಸಿಕೊಂಡಿದೆ.

ಎರಡು ವರ್ಷಗಳಿಂದ ನಾನು ವೀಗನ್, ಅಂದರೆ ಪ್ರಾಣಿಮೂಲದ್ದು ಬೇಡವೆಂದು ಹಾಲು, ಮೊಸರು, ಜೇನು ಎಲ್ಲವನ್ನೂ ಬಿಟ್ಟಿದ್ದೇನೆ. ತಟ್ಟೆಯಲ್ಲಿ ಬಿಟ್ಟದ್ದನ್ನು ಮೈಗೆ ಹಚ್ಚಿಕೊಳ್ಳುವುದು ಸರಿಯೆನಿಸದೆ, ಹಸಿರು ಚುಕ್ಕಿಯೂ ಎಲೆಯ ಚಿತ್ರವೂ ಇದ್ದ, ‘ಸಂಪೂರ್ಣ ನೈಸರ್ಗಿಕ’ ಎಂದು ಬರೆದಿದ್ದ ಸನ್‌ಸ್ಕ್ರೀನ್ ತರಿಸಿದೆ. ಬಂದ ಮೇಲೆ ಮಗಳ ಭೂತಗನ್ನಡಿ ಹಿಡಿದು ಹಿಂಬದಿಯ ಸಣ್ಣಕ್ಷರಗಳನ್ನು ಓದಿದಾಗ ‘ಸೆರಾ ಆಲ್ಬಾ’ ಎಂಬ ಹೆಸರು ಸಿಕ್ಕಿತು. ಹುಡುಕಿ ನೋಡಿದರೆ ಅದು ಜೇನುಮೇಣ. ಹಣ ಕೊಟ್ಟಾಗಿದೆಯಲ್ಲ ಎಂದು ನಾಲ್ಕು ದಿನ ಹಚ್ಚಿಕೊಂಡೆ. ಎಂಟನೆಯ ತರಗತಿಯ ಹುಡುಗನೊಬ್ಬ ಬಹಳ ಕಾಳಜಿಯಿಂದ, “ಮಿಸ್, ಮುಖಕ್ಕೆ ಯಾಕೆ ಸುಣ್ಣ ಹಚ್ಚಿದ್ದೀರಾ?” ಎಂದು ಕೇಳಿದ ಮೇಲೆ ಅದನ್ನು ನಿಲ್ಲಿಸಿದೆ.

ಇದರ ಜೊತೆಗೇ ಕೊಬ್ಬರಿ ಎಣ್ಣೆಯಿಂದ ಕೈಯಾರೆ ತಯಾರಿಸಿದ್ದೆಂಬ ಶಾಂಪೂ ಬಿಲ್ಲೆಯನ್ನೂ ತರಿಸಿದ್ದೆ. ಮೂರು ಸಲ ಸ್ನಾನ ಮಾಡುವಷ್ಟರಲ್ಲಿ ಕೂದಲು ಬಂಕೆ ಬಳಿದಂತಾಗಿ, ಬಾಚಣಿಗೆಯ ಹಲ್ಲುಗಳಲ್ಲಿ ಬೂದುಬಣ್ಣದ ಜಿಡ್ಡು ಸೇರತೊಡಗಿತು. ನಮ್ಮದು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ.

ಲೇಬಲ್ಲಿನಲ್ಲಿ ಯಾವ ಹೆಸರುಗಳನ್ನು ನೋಡಬೇಕು? ಕೊಬ್ಬರಿ ಎಣ್ಣೆ ಮತ್ತು ಕ್ಯಾರೆಟ್ ಬೀಜದ ಎಣ್ಣೆ ಬೆರೆಸಿ ಹಚ್ಚಿದರೆ ಸನ್‌ಸ್ಕ್ರೀನೇ ಬೇಡವೆಂದು ನನ್ನ ನಾದಿನಿ ಹೇಳುತ್ತಾಳೆ, ಇದು ನಿಜವೇ? ತಲೆಗೆ ಸೀಗೆಪುಡಿಗೆ ಮರಳುವುದಾದರೆ ಈ ಗಡಸು ನೀರಿಗೆ ಅದು ಹೊಂದುತ್ತದೆಯೇ? ಅಂಗಡಿಯವರ ಮಾತು ಸಾಕಷ್ಟು ಕೇಳಿದ್ದೇನೆ, ಬಳಸಿದವರ ಅನುಭವ ಬೇಕು.

ಲ್ಯಾಬ್ ಕೋಟು ಉತ್ತರಿಸಿದ್ದಾರೆ:

ಮೇಡಂ, ಪೀಣ್ಯದಲ್ಲಿ ಸೌಂದರ್ಯವರ್ಧಕಗಳನ್ನು ತಯಾರಿಸುವ ಪ್ರಯೋಗಾಲಯದಲ್ಲಿ 11 ವರ್ಷ ಕೆಲಸ ಮಾಡಿದವನು ನಾನು. ನೈಸರ್ಗಿಕ, ವೀಗನ್ ಮತ್ತು ಪರಿಣಾಮಕಾರಿ ಎಂಬ ಮೂರು ಮಾತುಗಳನ್ನು ಮಾರಾಟಗಾರರು ಒಂದೇ ದಾರದಲ್ಲಿ ಪೋಣಿಸಿ ಕೊಡುತ್ತಾರೆ. ನೀವು ಅವನ್ನು ಬಿಡಿಸಿ ನೋಡದಿದ್ದರೆ ಮತ್ತೆ ಮತ್ತೆ ಮೋಸ ಹೋಗುತ್ತೀರಿ. ಜೇನುಮೇಣ ನೈಸರ್ಗಿಕವೇ, ಆದರೆ ವೀಗನ್ ಅಲ್ಲ. ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಅನೇಕ ಸನ್‌ಸ್ಕ್ರೀನ್ ಘಟಕಗಳಿಗೆ ಪ್ರಾಣಿಮೂಲವೇ ಇಲ್ಲ, ಆದರೆ ಅವನ್ನು ಯಾರೂ ನೈಸರ್ಗಿಕವೆನ್ನುವುದಿಲ್ಲ.

ಹಸಿರು ಚುಕ್ಕಿಯನ್ನು ನಂಬಿ ಕೊಂಡದ್ದು ನಿಮ್ಮ ತಪ್ಪಲ್ಲ. ಆದರೆ ಅದು ಸಸ್ಯಾಹಾರದ ಗುರುತು, ಹಾಲು ಜೇನುಗಳನ್ನು ಹೊರಗಿಡುವ ಗುರುತಲ್ಲ. ಜಿಗಿಯುವ ಮೊಲದ ಚಿಹ್ನೆಯೂ ಅಷ್ಟೇ: ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂಬುದನ್ನು ಮಾತ್ರ ಅದು ಹೇಳುತ್ತದೆ, ಒಳಗೆ ಏನಿದೆ ಎಂಬುದನ್ನಲ್ಲ. ಅಂಥ ಪರೀಕ್ಷೆಯನ್ನೂ, ಹಾಗೆ ಪರೀಕ್ಷಿಸಿದ ಸರಕಿನ ಆಮದನ್ನೂ ಭಾರತ 2014ರಲ್ಲೇ ನಿಷೇಧಿಸಿದ್ದರಿಂದ ಇಲ್ಲಿ ತಯಾರಾದ ಟ್ಯೂಬಿನ ಮೇಲೆ ಅದನ್ನು ದೊಡ್ಡಕ್ಷರಗಳಲ್ಲಿ ಮೆರೆಸುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ನೀವು ಹುಡುಕಬೇಕಾದ ಹೆಸರುಗಳು ಇವು: ಸೆರಾ ಆಲ್ಬಾ ನಿಮಗೆ ಈಗಾಗಲೇ ಗೊತ್ತು, ಮೆಲ್ ಎಂದರೆ ಜೇನು, ಲ್ಯಾನೋಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು, ಸಿಐ 75470 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಶೆಲ್ಲಾಕ್ ಎಂದರೆ ಅರಗು. ಸ್ಕ್ವಾಲೇನ್ ಶಾರ್ಕಿನ ಯಕೃತ್ತಿನಿಂದಲೂ ಬರಬಹುದು, ಆಲಿವ್ ಅಥವಾ ಕಬ್ಬಿನಿಂದಲೂ ಬರಬಹುದು. ಸ್ಟಿಯರಿಕ್ ಆಮ್ಲಕ್ಕೂ ಪ್ರಾಣಿಯ ಕೊಬ್ಬು ಮತ್ತು ತಾಳೆ ಎಣ್ಣೆ ಎಂಬ ಎರಡು ಮೂಲಗಳುಂಟು. ಸನ್‌ಸ್ಕ್ರೀನಿನಲ್ಲಿ ಬಿಸಿಲು ತಡೆಯುವ ಬಿಳಿ ಪುಡಿಯಾದ ಸತುವಿನ ಆಕ್ಸೈಡಿನ ಕಣಗಳು ಗಂಟುಕಟ್ಟದಿರಲೆಂದು ಅವುಗಳಿಗೆ ಈ ಆಮ್ಲದ ತೆಳುಲೇಪ ಕೊಡುವುದುಂಟು. ಆ ಲೇಪ ಯಾವ ಮೂಲದ್ದೆಂದು ಲೇಬಲ್ಲಿನಲ್ಲಿ ಇರುವುದಿಲ್ಲವಾದ್ದರಿಂದ ಕಂಪನಿಗೆ ಪತ್ರ ಬರೆದು ಕೇಳುವುದೊಂದೇ ದಾರಿ. ಉತ್ತರಿಸದವರ ಸರಕನ್ನು ನಾನಾದರೆ ಕೊಳ್ಳುವುದಿಲ್ಲ.

ಇನ್ನು ನಾದಿನಿಯವರ ಎಣ್ಣೆಯ ವಿಚಾರ. ಕೊಬ್ಬರಿ ಎಣ್ಣೆಗೆ ಏಳೆಂಟು ಎಸ್‌ಪಿಎಫ್ (ಬಿಸಿಲಿನಿಂದ ಚರ್ಮವನ್ನು ಕಾಯುವ ಶಕ್ತಿಯ ಅಳತೆ) ಇದೆಯೆಂಬ ಮಾತು, ಎಣ್ಣೆಯನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಉಪಕರಣದಲ್ಲಿ ಬೆಳಕು ಹಾಯಿಸಿ ಅಳೆದ ಅಂಕಿಯಿಂದ ಹುಟ್ಟಿದ್ದು. ಮನುಷ್ಯರ ಚರ್ಮದ ಮೇಲೆ, ಬೆವರಿನ ನಡುವೆ, ಅದು ಅಷ್ಟು ಕೊಡುವುದಿಲ್ಲ. ಕ್ಯಾರೆಟ್ ಬೀಜದ ಎಣ್ಣೆಗೆ 38, 40 ಎಂದು ಹರಿದಾಡುವ ಅಂಕಿಗಳನ್ನು ನೆಚ್ಚಬೇಡಿ. ಹೋಲಿಕೆಗಾಗಿ ಹೇಳುವುದಾದರೆ ಎಸ್‌ಪಿಎಫ್ 30 ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಎಂಬ ಅತಿನೇರಳೆ (ಯುವಿ) ಕಿರಣಗಳಲ್ಲಿ ಸುಮಾರು 97 ಪ್ರತಿಶತವನ್ನೂ 50 ಸುಮಾರು 98 ಪ್ರತಿಶತವನ್ನೂ ತಡೆಯುತ್ತವೆ. ಅದೂ ಪರೀಕ್ಷೆಯಲ್ಲಿ ಹಚ್ಚುವಂತೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ನಾವೆಲ್ಲ ಅದರ ಅರ್ಧವನ್ನೂ ಹಚ್ಚುವುದಿಲ್ಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಸರಿಹೋಗುತ್ತದೆ. ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಪೌಡರಿನ ಸತುವಿನ ಆಕ್ಸೈಡನ್ನು ತರಿಸಿ ಮನೆಯಲ್ಲೇ ಎಣ್ಣೆಗೆ ಕಲಸುವ ಯೋಚನೆಯೂ ಬೇಡ. ಚಮಚದಲ್ಲಿ ಎಷ್ಟು ತಿರುಗಿಸಿದರೂ ಕಣಗಳು ಗಂಟುಕಟ್ಟಿ, ಚರ್ಮದ ಮೇಲೆ ಅಲ್ಲಲ್ಲಿ ತೂತುಬಿದ್ದ ಕೊಡೆಯಂತಾಗುತ್ತದೆ.

ನಿಮ್ಮ ಸುಣ್ಣದ ಸಮಸ್ಯೆಗೂ ಬಂಗಿಗೂ ಒಂದೇ ಉತ್ತರವಿದೆ. ಸತುವಿನ ಆಕ್ಸೈಡಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿದ, ಕೆಮ್ಮಣ್ಣಿನ ಛಾಯೆಯ ಸನ್‌ಸ್ಕ್ರೀನುಗಳು ಸಿಗುತ್ತವೆ. ಕ್ಯಾಲಮೈನ್ ಲೋಷನ್ನಿಗೆ ಗುಲಾಬಿ ಬಣ್ಣ ಕೊಡುವುದೂ ಇದೇ ಪದಾರ್ಥ. ಇದರಿಂದ ನಮ್ಮ ಮೈಬಣ್ಣಕ್ಕೆ ಬಿಳಿಚು ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮಂಥ ಕಂದು ಚರ್ಮದಲ್ಲಿ ಬಂಗನ್ನು ಕೆರಳಿಸುವುದು ಯುವಿ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಬಿಳಿಯ ಸನ್‌ಸ್ಕ್ರೀನಿಗಿಂತ ಕಬ್ಬಿಣದ ಆಕ್ಸೈಡ್ ಇರುವುದು ಅದನ್ನು ಚೆನ್ನಾಗಿ ತಡೆಯುತ್ತದೆ.

‘ಹವಳಸ್ನೇಹಿ’ ಎಂಬ ಮಾತಿಗೆ ಮಾತ್ರ ಹೆಚ್ಚು ಹಣ ಕೊಡಬೇಡಿ. ಆಕ್ಸಿಬೆನ್ಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ, ಯುವಿ ತಡೆಯುವ ರಾಸಾಯನಿಕಗಳಿರುವ ಸನ್‌ಸ್ಕ್ರೀನುಗಳ ಮಾರಾಟವನ್ನು ಹವಾಯಿಯಲ್ಲಿ 2021ರ ಜನವರಿಯಿಂದ ನಿಷೇಧಿಸಿದ್ದು ಕಡಲಿನ ಹವಳದ ದಿಬ್ಬಗಳಿಗಾಗಿ. ನಿಮ್ಮ ವಾಣಿವಿಲಾಸ ಸಾಗರದಲ್ಲಿ ಹವಳವಿಲ್ಲ.

ಬಿಲ್ಲೆಯ ಕಥೆ ಸರಳವಾದದ್ದು. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡ ಸೇರಿಸಿ ಮಾಡಿದ್ದು ಶಾಂಪೂ ಅಲ್ಲ, ಸಾಬೂನು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಕರಗದ ಕಿಟ್ಟವಾಗುತ್ತವೆ. ನಿಮ್ಮ ಬಾಚಣಿಗೆಯಲ್ಲಿ ಸಿಕ್ಕ ಬೂದು ಜಿಡ್ಡು ಅದೇ. ಸೀಗೆ ಮತ್ತು ಅಂಟುವಾಳದ ನೊರೆ ಬರುವುದು ಸಪೋನಿನ್‌ಗಳಿಂದ. ಅವು ಸಾಬೂನಿನಂತೆ ಕಿಟ್ಟ ಕಟ್ಟುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ತಲೆಗೆ ಅಜ್ಜಿಯ ಡಬ್ಬಿ ಸಾಕು, ಮುಖದ ಬಿಸಿಲಿಗೆ ಅದು ಸಾಲದು.

ಗೂಡಿನ ಪೇಟೆ ಉತ್ತರಿಸಿದ್ದಾರೆ:

ಲ್ಯಾಬ್ ಕೋಟು ಅವರು ಕೂದಲಿನ ಉತ್ಪನ್ನಗಳಲ್ಲಿ ಎರಡನ್ನು ಬಿಟ್ಟಿದ್ದಾರೆ. ಕೆರಾಟಿನ್ ಎಂದು ಹಾಕುವುದು ಸಾಮಾನ್ಯವಾಗಿ ಉಣ್ಣೆ, ಗರಿ, ಕೊಂಬುಗಳಿಂದ ತೆಗೆದದ್ದು. ಇನ್ನೊಂದು ‘ಹೈಡ್ರೊಲೈಜ್ಡ್ ಸಿಲ್ಕ್’, ಅಂದರೆ ಸಣ್ಣ ಕಣಗಳಾಗಿ ಒಡೆದ ರೇಷ್ಮೆ. ನಾನು ರಾಮನಗರದವನು, ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ನೂಲು ಬಿಚ್ಚಾಣಿಕೆ ನಡೆಯುತ್ತಿದೆ. ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ತೆಗೆದಾದ ಮೇಲೆ ತೊಟ್ಟಿಯ ತಳದಲ್ಲಿ ಉಳಿಯುವ ಹುಳುಗಳ ವಾಸನೆ ನಮಗೆ ಅಭ್ಯಾಸವಾಗಿದೆ. ಬಾಟಲಿಯ ಮೇಲೆ ‘ರೇಷ್ಮೆಯ ಮೃದುತ್ವ’ ಎಂದು ಓದುವವರಿಗೆ ಆ ವಾಸನೆ ಗೊತ್ತಿಲ್ಲ. ನಾನು ವೀಗನ್ ಅಲ್ಲ, ಈ ಕಸುಬನ್ನು ಹಳಿಯುತ್ತಲೂ ಇಲ್ಲ. ಕೇಳಿದವರಿಗೆ ತಿಳಿದಿರಲಿ ಎಂದಷ್ಟೇ ಬರೆದೆ.

ತೀರ್ಥಹಳ್ಳಿ ಅಮ್ಮಮ್ಮ ಉತ್ತರಿಸಿದ್ದಾರೆ:

ಮಗಳೇ, ವೀಗನ್ ಎಂಬ ಪದವನ್ನು ನಾನು ನನ್ನ ಮೊಮ್ಮಗಳಿಂದ ಕಲಿತದ್ದು. ಆದರೆ ನಮ್ಮ ಮನೆಯ ತಲೆಸ್ನಾನದಲ್ಲಿ ಮೊಸರೊಂದನ್ನು ಬಿಟ್ಟರೆ ಪ್ರಾಣಿಯದು ಏನೂ ಇರಲಿಲ್ಲ. ಮೊಸರಿನ ಬದಲು ಮೆಂತ್ಯವನ್ನು ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ ಹಚ್ಚಿದರೆ ಕೂದಲು ಅಷ್ಟೇ ಮೆತ್ತಗಾಗುತ್ತದೆ.

ಸೀಗೆಯನ್ನು ಅಂಗಡಿಯ ಪುಡಿಯಲ್ಲಿ ತರಬೇಡ. ಕಾಯಿಯನ್ನೇ ತಂದು, ಬೀಜ ತೆಗೆದು, ಎರಡು ದಿನ ಬಿಸಿಲಿಗೆ ಹಾಕು. ಒಂದು ಕಿಲೋ ಸೀಗೆಗೆ ಕಾಲು ಕಿಲೋ ಅಂಟುವಾಳದ ಸಿಪ್ಪೆ, ಕಾಲು ಕಿಲೋ ಮೆಂತ್ಯ, ಒಣಗಿದ ದಾಸವಾಳದ ಎಲೆ ಎರಡು ಹಿಡಿ ಸೇರಿಸಿ ಗಿರಣಿಗೆ ಕೊಂಡೊಯ್ಯಬೇಕು. ಗಿರಣಿಯವನು ಮೊದಲು ಒಪ್ಪುವುದಿಲ್ಲ, ಏಕೆಂದರೆ ಅದರ ಘಾಟಿಗೆ ಸಾಲಿನಲ್ಲಿ ನಿಂತವರೆಲ್ಲ ಸೀನುತ್ತಾರೆ, ಮುಂದಿನವರ ರಾಗಿಹಿಟ್ಟೂ ಕಹಿಯಾಗುತ್ತದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ಕೇಳು. ಪುಡಿಯನ್ನು ಬರಿಯ ನೀರಿನಲ್ಲಿ ಕಲಸಬೇಡ, ಅನ್ನದ ಗಂಜಿಯಲ್ಲಿ ಕಲಸು. ಕೂದಲು ಒರಟಾಗುವುದಿಲ್ಲ, ಪುಡಿಯೂ ಸುಲಭವಾಗಿ ಜಾರಿಹೋಗುತ್ತದೆ. ಕಣ್ಣಿಗೆ ಬಿದ್ದರೆ ಸ್ನಾನ ಮುಗಿಯುವವರೆಗೂ ಉರಿಯುತ್ತದೆ, ಆದ್ದರಿಂದ ತಲೆಯನ್ನು ಹಿಂದಕ್ಕೆ ಬಾಗಿಸಿಯೇ ಹಾಕಿಕೋ.

ಎಣ್ಣೆ ಹಚ್ಚದ ದಿನಗಳಿಗೆ ದಾಸವಾಳದ ಗೊಂಪು ಸಾಕು. ಇಪ್ಪತ್ತು ಎಲೆಗಳನ್ನು ನೀರಿನಲ್ಲಿ ಕಿವುಚಿದರೆ ಲೋಳೆ ಬಿಡುತ್ತದೆ. ಅದನ್ನು ತೆಳುಬಟ್ಟೆಯಲ್ಲಿ ಸೋಸಲು ಮರೆತರೆ ಮಾತ್ರ ಎಲೆಯ ಚೂರುಗಳನ್ನು ಮರುದಿನದವರೆಗೂ ಹೆಕ್ಕುತ್ತಿರಬೇಕಾಗುತ್ತದೆ. ಕೊನೆಯ ಚೊಂಬಿಗೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಬೋರ್‌ವೆಲ್ ನೀರಿನ ಒರಟು ಹೋಗುತ್ತದೆ. ಮುಖಕ್ಕೂ ಕಡಲೆಹಿಟ್ಟಿನೊಡನೆ ಅದೇ ನಿಂಬೆರಸ ಹಚ್ಚಿದರೆ ಬಂಗು ತಿಳಿಯಾಗುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ.

ಲ್ಯಾಬ್ ಕೋಟು ಉತ್ತರಿಸಿದ್ದಾರೆ:

ಅಮ್ಮ, ಗಂಜಿಯ ಉಪಾಯಕ್ಕೆ ನನ್ನ ನಮಸ್ಕಾರ. ನಿಂಬೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಹೇಳಲೇಬೇಕು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯೂರೊಕೂಮರಿನ್ ಎಂಬ ಪದಾರ್ಥಗಳಿವೆ. ಅವು ಚರ್ಮದ ಮೇಲೆ ಉಳಿದಿರುವಾಗ ಬಿಸಿಲು ತಗಲಿದರೆ ಸುಟ್ಟಂತೆ ಬೊಬ್ಬೆಯೇಳಬಹುದು, ಮಾಸಿದ ಮೇಲೆ ಆ ಜಾಗ ವಾರಗಟ್ಟಲೆ ಕಪ್ಪಾಗಿ ನಿಲ್ಲಬಹುದು. ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಕೂರಿಸುತ್ತಿದ್ದ ಹಳೆಯ ಪದ್ಧತಿ ನಿಮಗೆ ತಿಳಿದಿರುತ್ತದೆ. ಅದರ ಹಿಂದಿರುವುದೂ ಇದೇ ಬಗೆಯ ಪದಾರ್ಥ. ಬಂಗು ಇರುವವರು ಮುಖಕ್ಕೆ ನಿಂಬೆ ಹಚ್ಚಿ ಸ್ಕೂಟರಿನಲ್ಲಿ ಹೊರಟರೆ ಕಲೆ ಇನ್ನಷ್ಟು ಗಾಢವಾಗಬಹುದು. ಕೂದಲಿನ ಕೊನೆಯ ಚೊಂಬಿಗೆ ಒಂದು ಚಮಚ ವಿನೆಗರ್ ಸಾಕು, ಕೆಲಸ ಅದೇ ಆಗುತ್ತದೆ.

ಟೀಚರ್ ಅವರಿಗೆ ಇನ್ನೊಂದು ಮಾತು. ಪಾಲಿಕಾರ್ಬನೇಟ್‌ನಿಂದ ಮಾಡಿದ ಹೆಲ್ಮೆಟ್ ಮುಂಗಾಜು ಯುವಿ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಅರ್ಧ ಹೆಲ್ಮೆಟ್ ಬಿಟ್ಟು ಮುಖ ಮುಚ್ಚುವ ಹೆಲ್ಮೆಟ್ ಕೊಂಡರೆ, ಯಾವ ಟ್ಯೂಬೂ ಕೊಡದ ರಕ್ಷಣೆ ತಲೆಗೂ ಸಿಗುತ್ತದೆ.

ಹಿರಿಯೂರು ಟೀಚರ್ ಉತ್ತರಿಸಿದ್ದಾರೆ (ಆರು ವಾರಗಳ ನಂತರ):

ಎಲ್ಲರಿಗೂ ಧನ್ಯವಾದಗಳು. ಸ್ಟಿಯರಿಕ್ ಆಮ್ಲದ ಮೂಲವನ್ನು ಕೇಳಿ ನಾಲ್ಕು ಕಂಪನಿಗಳಿಗೆ ಪತ್ರ ಬರೆದೆ. ಇಬ್ಬರು ಉತ್ತರಿಸಲಿಲ್ಲ, ಒಬ್ಬರು ರಿಯಾಯಿತಿಯ ಕೂಪನ್ ಕಳುಹಿಸಿದರು, ಒಬ್ಬರು ಮಾತ್ರ ತಾಳೆ ಎಣ್ಣೆಯದೆಂದು ಸ್ಪಷ್ಟವಾಗಿ ಬರೆದರು. ಅವರ ಕೆಮ್ಮಣ್ಣು ಛಾಯೆಯದನ್ನೇ ತರಿಸಿ ಹಚ್ಚುತ್ತಿದ್ದೇನೆ. ಬಂಗು ಹೋಗಿಲ್ಲ, ಆದರೆ ಬೇಸಿಗೆಯಲ್ಲಿ ಪ್ರತಿ ವರ್ಷ ಹೆಚ್ಚುತ್ತಿದ್ದುದು ಈ ಬಾರಿ ಇದ್ದಷ್ಟರಲ್ಲೇ ನಿಂತಿದೆ. ಇದರಲ್ಲಿ ಹೊಸ ಹೆಲ್ಮೆಟ್ಟಿನ ಪಾಲೆಷ್ಟು, ಟ್ಯೂಬಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಒಂದೇ ದೂರು: ಅದರ ಬಣ್ಣ ಬಿಳಿ ರವಿಕೆಯ ಕೊರಳಪಟ್ಟಿಗೆ ಅಂಟಿದರೆ ಉಜ್ಜಿದರೂ ಬೇಗ ಬಿಡುವುದಿಲ್ಲ.

ಸೀಗೆಯ ವಿಷಯದಲ್ಲಿ ಮೊದಲ ಎರಡು ವಾರ ನಿರಾಶೆಯಾಯಿತು. ಬಿಲ್ಲೆಯ ಕಿಟ್ಟ ಕೂದಲಿನಲ್ಲಿ ಉಳಿದಿತ್ತೋ ಏನೋ, ವಿನೆಗರ್ ನೀರಿನಲ್ಲಿ ಮೂರು ಸಲ ತೊಳೆದ ಮೇಲೆಯೇ ಜಿಗುಟು ಬಿಟ್ಟದ್ದು. ಈಗ ಗಂಜಿಯಲ್ಲಿ ಕಲಸಿದ ಪುಡಿ ಚೆನ್ನಾಗಿ ಹೊಂದಿಕೊಂಡಿದೆ. ವಾರದ ನಡುವೆ ಬೆಳಿಗ್ಗೆ ಏಳಕ್ಕೆ ಹೊರಡುವವಳಿಗೆ ಗಂಜಿ ಬಸಿದು ಕಲಸುತ್ತ ಕೂರಲು ಸಾಧ್ಯವಿಲ್ಲದ್ದರಿಂದ ಅದು ಭಾನುವಾರಕ್ಕೆ ಮಾತ್ರ. ಬುಧವಾರಕ್ಕೆ ಕೆರಾಟಿನ್, ರೇಷ್ಮೆ ಎರಡೂ ಇಲ್ಲದ ಸಾಧಾರಣ ಶಾಂಪೂ ಇಟ್ಟುಕೊಂಡಿದ್ದೇನೆ.

ಅಮ್ಮಮ್ಮ, ನೀವು ಹೇಳಿದಂತೆಯೇ ಸಂಜೆ ಎಂಟಕ್ಕೆ ಗಿರಣಿಗೆ ಹೋಗಿದ್ದೆ. ಗಿರಣಿಯವರು ಮೂಗಿಗೆ ಟವೆಲ್ ಕಟ್ಟಿಕೊಂಡು, ಪುಡಿ ಮಾಡಿದ ಕೂಲಿಯ ಜೊತೆಗೆ ಒಂದು ಸೇರು ಜೋಳವನ್ನೂ ತರಿಸಿಕೊಂಡರು, ಕಲ್ಲು ತೊಳೆಯಲು.