ಇಲಿಯ ಕಿವಿ ಚರ್ಮದಿಂದ ಟಿ ಕೋಶ (ರಕ್ಷಣಾ ಕೋಶ) ತೆಗೆದಾಗ ಅದರ ಮೇಲ್ಮೈ ಗುರುತಾದ ಸಿಡಿ4 ಕಾಣುವುದೇ ಇಲ್ಲ, ಚರ್ಮದ ಹೊರಪದರದ ರಕ್ಷಣಾ ಕೋಶವಾದ ಲ್ಯಾಂಗರ್‌ಹ್ಯಾನ್ಸ್ ಕೋಶವೂ ಕಡಿಮೆ. ತಪ್ಪು ಯಾವ ಹಂತದಲ್ಲಿ?

ಪ್ರಶ್ನೆ – ಚರ್ಮಪದರ

ಇಮಿಕ್ವಿಮಾಡ್ (ಇಲಿಯಲ್ಲಿ ಸೋರಿಯಾಸಿಸ್‌ನಂಥ ಉರಿಯೂತ ಎಬ್ಬಿಸುವ ಔಷಧ) ಹಚ್ಚಿದ ಬ್ಲ್ಯಾಕ್-6 ತಳಿಯ ಇಲಿಗಳಲ್ಲಿ ಉರಿಯೂತದ ಸಂಕೇತವಾದ ಐಎಲ್-17 ಯಾವ ಕೋಶದಿಂದ ಬರುತ್ತದೆ ಎಂದು ಫ್ಲೋ ಸೈಟೊಮೆಟ್ರಿಯಲ್ಲಿ (ಬಣ್ಣ ಹಚ್ಚಿದ ಕೋಶಗಳನ್ನು ಲೇಸರ್‌ನಿಂದ ಒಂದೊಂದಾಗಿ ಎಣಿಸುವ ವಿಧಾನ) ನೋಡಬೇಕಿದೆ. ಈಗಿನ ಕ್ರಮ ಹೀಗಿದೆ. ಕಿವಿಯನ್ನು ಸಣ್ಣಗೆ ಕತ್ತರಿಸಿ, ಡಿಸ್ಪೇಸ್ (ಚರ್ಮದ ಪದರ ಬಿಡಿಸುವ ಕಿಣ್ವ) ಮಿಲಿಗೆ 2.5 ಮಿ.ಗ್ರಾಂ ಲೆಕ್ಕದಲ್ಲಿ 37 ಡಿಗ್ರಿಯಲ್ಲಿ 90 ನಿಮಿಷ. ಆಮೇಲೆ ಪಿಬಿಎಸ್ ಉಪ್ಪುದ್ರಾವಣದಲ್ಲಿ ಅಂಗಾಂಶ ಕರಗಿಸುವ ಕಿಣ್ವ ಕೊಲಾಜಿನೇಸ್-4, ಮಿಲಿಗೆ 2 ಮಿ.ಗ್ರಾಂ, ಜೊತೆಗೆ ಶೇ 10 ಸೀರಂ, ಒಂದು ಗಂಟೆ. 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಕೋಶವನ್ನು ಕೆರಳಿಸಲು ಪಿಎಂಎ ಮತ್ತು ಅಯನೊಮೈಸಿನ್, ಐಎಲ್-17 ಒಳಗೇ ಉಳಿಯಲು ಬ್ರೆಫೆಲ್ಡಿನ್ ಹಾಕಿ 4 ಗಂಟೆ ಇಟ್ಟು, ಹೊಳೆಯುವ ಬಣ್ಣದ ಆಂಟಿಬಾಡಿಗಳಿಂದ ಸ್ಟೇನ್ ಮಾಡುತ್ತೇವೆ.

ಬದುಕಿರುವ ಕೋಶ ಅರ್ಧಕ್ಕಿಂತ ಕಡಿಮೆ. ಸಿಡಿ4 ಹೆಚ್ಚುಕಡಿಮೆ ಸೊನ್ನೆ, ಟಿ ಕೋಶದ ಉಳಿದ ಗುರುತುಗಳಲ್ಲಿ ಸಿಡಿ8 ಮಸುಕು, ಸಿಡಿ3 ಒಂದು ಗುಂಪಾಗಿ ನಿಲ್ಲದೆ ಎಳೆದುಕೊಂಡು ಹೋಗುತ್ತದೆ. ಹಸಿರು ಚಾನೆಲ್‌ನಲ್ಲಿ ಎಲ್ಲವೂ ಹೊಳೆಯುತ್ತದೆ. ಅದೇ ಆಂಟಿಬಾಡಿ ಗುಲ್ಮದ (ಸ್ಪ್ಲೀನ್) ಕೋಶಗಳಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ಕಂಟ್ರೋಲ್ ಗುಂಪಿಗೆ ವ್ಯಾಸಲೀನ್ ಹಚ್ಚುತ್ತೇವೆ. ಆದರೂ ಬೆನ್ನಿನ ಚರ್ಮದ ದಪ್ಪ ಇಲಿಯಿಂದ ಇಲಿಗೆ ತುಂಬ ಹೆಚ್ಚುಕಮ್ಮಿ ಆಗುತ್ತಿದೆ. ಎಲ್ಲಿಂದ ಸರಿಪಡಿಸಲಿ?

ಉತ್ತರ 1 – ಕಿಣ್ವಶಾಲೆ

ಆಂಟಿಬಾಡಿಯನ್ನು ಬದಲಿಸಬೇಡಿ, ಅದರಲ್ಲಿ ದೋಷವಿಲ್ಲ. ಸಿಡಿ4 ನಿಮ್ಮಲ್ಲಿ ಎರಡು ಕಡೆ ಕಳೆದುಹೋಗುತ್ತಿದೆ. ಡಿಸ್ಪೇಸ್ ಕೋಶದ ಮೇಲ್ಮೈಯಿಂದ ಸಿಡಿ4, ಸಿಡಿ8ಗಳನ್ನು ಕತ್ತರಿಸಿ ಹಾಕುತ್ತದೆ. ಉಳಿದದ್ದನ್ನು ಪಿಎಂಎ ಕೋಶದ ಒಳಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ. ಟಿ ಕೋಶ ಗ್ರಾಹಕಕ್ಕೂ ಸಿಡಿ3ಗೂ ಅದೇ ಗತಿ. ಯಾವುದರಿಂದ ಎಷ್ಟು ನಷ್ಟ ಎಂದು ತಿಳಿಯಲು ಗುಲ್ಮದ ಕೋಶಗಳನ್ನು ನಾಲ್ಕು ಟ್ಯೂಬ್‌ಗೆ ಹಂಚಿ: ಏನೂ ಹಾಕದ್ದು, ಕಿಣ್ವ ಮಾತ್ರ, ಪಿಎಂಎ ಮಾತ್ರ, ಎರಡೂ. ಕಿಣ್ವದ ಪ್ರಮಾಣ, ಸಮಯ, ತಾಪ ಎಲ್ಲವೂ ಚರ್ಮಕ್ಕೆ ಕೊಟ್ಟಷ್ಟೇ ಇರಲಿ. ಚರ್ಮದ ಪ್ರತಿ ಹೊಸ ಪ್ಯಾನೆಲ್‌ಗೂ (ಆಂಟಿಬಾಡಿಗಳ ಗುಂಪಿಗೂ) ಈ ಪರೀಕ್ಷೆ ಬೇಕೇ ಬೇಕು. ಇದಿಲ್ಲದೆ 'ಸಿಡಿ4 ಕೋಶಗಳು ಕಡಿಮೆಯಾಗಿವೆ' ಎಂದು ಬರೆದರೆ ಅದಕ್ಕೆ ಆಧಾರವೇ ಇರುವುದಿಲ್ಲ.

ಇನ್ನು ಕೊಲಾಜಿನೇಸ್ ಹಂತ. ಈ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು, ಸಾಮಾನ್ಯ ಪಿಬಿಎಸ್‌ನಲ್ಲಿ ಅದಿಲ್ಲ. ಸೀರಂನಲ್ಲಿರುವ ಆಲ್ಫಾ-2 ಮ್ಯಾಕ್ರೊಗ್ಲೋಬುಲಿನ್ ಪ್ರೋಟಿಯೇಸ್‌ಗಳನ್ನು ಹಿಡಿದು ಕಟ್ಟಿಹಾಕುತ್ತದೆ. ಅಂದರೆ ಕಿಣ್ವ ಹಾಕಿದ ಕೈಯಲ್ಲೇ ಅದನ್ನು ತಡೆಯುವುದನ್ನೂ ಹಾಕಿದಂತಾಯಿತು. ತುಂಡು ಕರಗದಿದ್ದಾಗ ಜನ ಜಾಲರಿಯ ಮೇಲೆ ಒತ್ತಿ ಉಜ್ಜುತ್ತಾರೆ, ಕೋಶ ಸಾಯುವುದು ಆಗಲೇ. ಒಡೆದ ಕೋಶದ ಡಿಎನ್‌ಎ ಲೋಳೆಯಾಗಿ ಉಳಿದ ಕೋಶಗಳನ್ನೂ ಗಂಟುಕಟ್ಟಿಸುತ್ತದೆ. ಅದನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ನಿಮ್ಮಲ್ಲಿ ಇಲ್ಲವೇ ಇಲ್ಲ.

ಐಎಲ್-17 ಪ್ರಶ್ನೆಗೆ ಡಿಸ್ಪೇಸನ್ನು ಪೂರ್ತಿ ಕೈಬಿಡಿ. ಕಿವಿಯನ್ನು ಬುಡದಲ್ಲಿ ಕತ್ತರಿಸಿ, 70 ಪರ್ಸೆಂಟ್ ಎಥನಾಲ್‌ನಲ್ಲಿ ಅದ್ದಿ ಒಣಗಿಸಿ, ಎರಡು ಚಿಮಟದಿಂದ ಅಂಚು ಹಿಡಿದು ಎರಡು ಹೋಳಾಗಿ ಬಿಡಿಸಿ. ಮೃದ್ವಸ್ಥಿ ಒಂದು ಹೋಳಿಗೆ ಅಂಟಿಕೊಂಡೇ ಇರುತ್ತದೆ, ಪರವಾಗಿಲ್ಲ. ಆಮೇಲೆ ಕತ್ತರಿಯಿಂದ ಒಂದು ಮಿಲಿಮೀಟರ್ ತುಂಡು ಮಾಡಿ. ಸೀರಂ ಇಲ್ಲದ ಆರ್‌ಪಿಎಂಐ ಮಾಧ್ಯಮದಲ್ಲಿ ಲಿಬರೇಸ್ ಟಿಎಲ್ (ಶುದ್ಧ ಕೊಲಾಜಿನೇಸ್ ಮಿಶ್ರಣ) ಮಿಲಿಗೆ 0.25 ಮಿ.ಗ್ರಾಂ, ಡಿಎನ್‌ಏಸ್-1 ಮಿಲಿಗೆ 0.1 ಮಿ.ಗ್ರಾಂ ಹಾಕಿ 37 ಡಿಗ್ರಿಯಲ್ಲಿ ನಿಧಾನವಾಗಿ ಅಲುಗಾಡಿಸುತ್ತ 60ರಿಂದ 90 ನಿಮಿಷ ಇಡಿ. ಸಮಯ ಮುಗಿದಾಗ ತಣ್ಣನೆಯ ಮಾಧ್ಯಮಕ್ಕೆ ಶೇ 10 ಸೀರಂ ಮತ್ತು ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ 5 ಮಿಲಿಮೋಲಾರ್ ಸೇರಿಸಿ ನಿಲ್ಲಿಸಿ. ಸೀರಂ, ಇಡಿಟಿಎ ಎರಡಕ್ಕೂ ಜಾಗ ಇಲ್ಲೇ, ಮೊದಲಲ್ಲ. ಲಿಬರೇಸನ್ನು ಸಣ್ಣ ಭಾಗಗಳಾಗಿ ಮೈನಸ್ 20ರಲ್ಲಿಟ್ಟು ಒಮ್ಮೆ ಮಾತ್ರ ಕರಗಿಸಿ. ಕೊಲಾಜಿನೇಸನ್ನೇ ಬಳಸುವುದಾದರೆ ಲಾಟ್ ಬದಲಾದಾಗಲೆಲ್ಲ ಹಳೆಯದರ ಜೊತೆ ಒಮ್ಮೆ ಹೋಲಿಸಿ ನೋಡಿ. ಮಿಲಿಗ್ರಾಂ ಒಂದೇ ಇದ್ದರೂ ಶಕ್ತಿ ಒಂದೇ ಇರುವುದಿಲ್ಲ.

ಪಿಎಂಎಯಿಂದ ಸ್ಟಿಮ್ಯುಲೇಷನ್ ಮಾಡಿದ ಟ್ಯೂಬ್‌ನಲ್ಲಿ ಸಿಡಿ3, ಸಿಡಿ4, ಗಾಮಾ-ಡೆಲ್ಟಾ (ಟಿ ಕೋಶಗಳ ಒಂದು ಬಗೆ) ಗ್ರಾಹಕಗಳನ್ನು ಮೇಲ್ಮೈಯಲ್ಲೂ, ಫಿಕ್ಸ್ ಮಾಡಿ ರಂಧ್ರ ಬಿಡಿಸಿದ ನಂತರವೂ ಸ್ಟೇನ್ ಮಾಡಿ. ಒಳಕ್ಕೆ ಹೋದದ್ದು ಆಗ ಸಿಗುತ್ತದೆ. ಗಾಮಾ-ಡೆಲ್ಟಾ ಕೋಶಗಳಷ್ಟೇ ಸಾಕೆಂದರೆ ಪಿಎಂಎ ಬದಲು ಐಎಲ್-23 ಮತ್ತು ಐಎಲ್-1 ಬೀಟಾ, ಮಿಲಿಗೆ ತಲಾ 10ರಿಂದ 20 ನ್ಯಾನೊಗ್ರಾಂ ಕೊಡಿ. ಗ್ರಾಹಕ ಮೇಲ್ಮೈಯಲ್ಲೇ ಉಳಿಯುತ್ತದೆ, ಚರ್ಮದೊಳಗೆ ನಡೆಯುವುದಕ್ಕೂ ಅದು ಹತ್ತಿರ.

ಹಸಿರು ಹೊಳಪು ಕೆರಾಟಿನೊಸೈಟ್ (ಚರ್ಮದ ಹೊರಪದರದ ಮುಖ್ಯ ಕೋಶ) ಮತ್ತು ಕೂದಲ ಚೂರುಗಳದ್ದು. ಆ ಚಾನೆಲ್‌ಗೆ ಮುಖ್ಯ ಮಾರ್ಕರ್ ಹಾಕಬೇಡಿ. ಜೀವಂತ-ಸತ್ತ ಕೋಶದ ಬಣ್ಣವನ್ನು ಪ್ರೋಟೀನ್ ಇಲ್ಲದ ಪಿಬಿಎಸ್‌ನಲ್ಲಿ ಮೊದಲು ಹಾಕಿ, ಆಮೇಲೆ ಆಂಟಿಬಾಡಿ ಸಿಕ್ಕಲ್ಲೆಲ್ಲ ಅಂಟದಂತೆ ತಡೆಯುವ ಎಫ್‌ಸಿ ಬ್ಲಾಕ್.

ಉತ್ತರ 2 – ಬೆನ್ನುಪಟ್ಟಿ

ಮಾದರಿಯ ಬಗ್ಗೆ ಎರಡು ಮಾತು. ರೋಟರ್‌ಡ್ಯಾಮ್‌ನ ವಾನ್ ಡರ್ ಫಿಟ್ಸ್ ಮತ್ತವರ ಸಂಗಡಿಗರು 2009ರಲ್ಲಿ ಕೊಟ್ಟ ಕ್ರಮದಲ್ಲಿ ದಿನಕ್ಕೆ 62.5 ಮಿ.ಗ್ರಾಂ ಕ್ರೀಮು, ಅಂದರೆ 3.125 ಮಿ.ಗ್ರಾಂ ಇಮಿಕ್ವಿಮಾಡ್. ಕಣ್ಣಳತೆಯಲ್ಲಿ ಹಚ್ಚಬೇಡಿ, ಪ್ರತಿ ಇಲಿಗೂ ತೂಗಿ. ತೂಕ ಇಳಿಯುವುದು, ಗುಲ್ಮ ಊದುವುದು ಈ ಮಾದರಿಯಲ್ಲಿ ಇದ್ದದ್ದೇ. ಔಷಧ ಮೈಯೆಲ್ಲ ಹರಡುತ್ತದೆ, ಇಲಿ ನೆಕ್ಕುವುದರಿಂದ ಇನ್ನಷ್ಟು ಒಳಹೋಗುತ್ತದೆ. ಹಾಗಾಗಿ ಅದೇ ಇಲಿಯ ಇನ್ನೊಂದು ಕಿವಿ ಕಂಟ್ರೋಲ್ ಆಗಲಾರದು. ಒಂದೇ ಪಂಜರದಲ್ಲಿ ಎರಡೂ ಗುಂಪು ಬೆರೆಸಿ ಇಡುವುದೂ ಬೇಡ, ಒಂದರ ಕ್ರೀಮು ಇನ್ನೊಂದಕ್ಕೆ ತಗಲುತ್ತದೆ.

ವ್ಯಾಸಲೀನ್ ಸಾಲದು. ಇಮಿಕ್ವಿಮಾಡ್ ಇರುವ ಆಲ್ಡಾರಾ ಕ್ರೀಮಿನ ಆಧಾರದಲ್ಲಿರುವ ಐಸೊಸ್ಟಿಯರಿಕ್ ಆಮ್ಲವೇ, ಇಮಿಕ್ವಿಮಾಡ್ ಕೆರಳಿಸುವ ಗ್ರಾಹಕ ಟಿಎಲ್‌ಆರ್7ನ ಹಂಗಿಲ್ಲದೆ, ಇನ್‌ಫ್ಲಮಸೋಮ್ (ಉರಿಯೂತ ಹೊತ್ತಿಸುವ ಪ್ರೋಟೀನ್ ಕೂಟ) ಎಬ್ಬಿಸುತ್ತದೆ ಎಂದು 2013ರಲ್ಲಿ ಪ್ರಕಟವಾಗಿದೆ. ಆ ಆಮ್ಲ ಇರುವ, ಇಮಿಕ್ವಿಮಾಡ್ ಇಲ್ಲದ ಕ್ರೀಮು ಕಂಟ್ರೋಲ್ ಆಗಬೇಕು. ನಡುವೆ ಬ್ರ್ಯಾಂಡ್ ಬದಲಿಸಿದರೆ ಆಧಾರವೂ ಬದಲಾಗುತ್ತದೆ, ಫಲಿತಾಂಶವೂ.

ದಪ್ಪದ ಏರುಪೇರಿಗೆ ನನ್ನ ಮೊದಲ ಅನುಮಾನ ಕೂದಲ ಚಕ್ರದ ಮೇಲೆ. ಬ್ಲ್ಯಾಕ್-6 ಇಲಿಯ ಬೆನ್ನು ಬೋಳಿಸಿದಾಗ ಚರ್ಮ ನಸುಗೆಂಪಾಗಿದ್ದರೆ ಕೂದಲು ವಿಶ್ರಾಂತಿಯಲ್ಲಿದೆ ಎಂದರ್ಥ. ಬೂದು ಅಥವಾ ಕಪ್ಪು ಮಚ್ಚೆ ಕಂಡರೆ ಅಲ್ಲಿ ಕೂದಲು ಬೆಳೆಯುತ್ತಿದೆ, ಔಷಧವೇ ಇಲ್ಲದೆ ಚರ್ಮ ದಪ್ಪವಾಗಿರುತ್ತದೆ. ಏಳೆಂಟು ವಾರದ ಇಲಿ ತೆಗೆದುಕೊಂಡು, ಪೂರ್ತಿ ನಸುಗೆಂಪು ಬೆನ್ನಿನವನ್ನು ಮಾತ್ರ ಆರಿಸಿ. ಬೋಳಿಸಿದ ಮೇಲೆ ಎರಡು ದಿನ ಬಿಡಿ, ಗೀರು ಬಿದ್ದವನ್ನು ಕೈಬಿಡಿ. ಗಾಯವಾದಾಗ ಎಪಿಡರ್ಮಿಸ್‌ನ (ಹೊರಚರ್ಮ) ಮೇಲಿನ ಪದರದಲ್ಲಿ ಕ್ಯಾಸ್ಪೇಸ್-8 ಕಿಣ್ವ ಇಳಿದು, ಕೂಡಿಟ್ಟಿದ್ದ ಉರಿಯೂತದ ಸಂಕೇತ ಐಎಲ್-1 ಆಲ್ಫಾ ಹೊರಬೀಳುತ್ತದೆ ಎಂದು ಕೊಲಿನ್ ಜಮೋರಾ ಅವರ ತಂಡ 2009ರಲ್ಲಿ ತೋರಿಸಿತ್ತು (ಅವರು ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗೆ ಬಂದು ಇದೇ ದಾರಿಯಲ್ಲಿ ಕೆಲಸ ಮಾಡಿದರು). ರೇಜರ್ ಗೀರಿನಿಂದಲೇ ಉರಿಯೂತ ಶುರುವಾದರೆ ನೀವು ಅಳೆಯುವುದು ಇಮಿಕ್ವಿಮಾಡ್ ಪರಿಣಾಮವನ್ನಲ್ಲ.

ಮರುಪ್ರಶ್ನೆ – ಚರ್ಮಪದರ

ತುಂಬ ಉಪಕಾರ. ಲ್ಯಾಂಗರ್‌ಹ್ಯಾನ್ಸ್ ಕೋಶಗಳಿಗೆ ಎಪಿಡರ್ಮಿಸ್ ಬೇರೆ ಮಾಡಲೇಬೇಕಲ್ಲ, ಆಗ ಡಿಸ್ಪೇಸ್ ತಪ್ಪದು. ಮುಂದೆ ಮನುಷ್ಯರ ಪಂಚ್ ಬಯಾಪ್ಸಿಗೂ (ಕೊರೆದು ತೆಗೆದ ಚರ್ಮದ ತುಣುಕು) ಇದೇ ಕ್ರಮ ನಡೆಯುತ್ತದೆಯೇ?

ಉತ್ತರ 3 – ಹಾಳೆ

ಡಿಸ್ಪೇಸ್ ಬಳಸಿ, ಆದರೆ ಕತ್ತರಿಸುವ ಮೊದಲು. ಬಿಡಿಸಿದ ಕಿವಿ ಹೋಳನ್ನು ಡರ್ಮಿಸ್ (ಒಳಚರ್ಮ) ಕೆಳಗಾಗಿ ದ್ರಾವಣದ ಮೇಲೆ ತೇಲಿಸಿ, 37 ಡಿಗ್ರಿಯಲ್ಲಿ 45 ನಿಮಿಷವಾದಾಗ ಒಮ್ಮೆ ಚಿಮಟದಿಂದ ಎಳೆದು ನೋಡಿ. ಹಿತುಕಿದ ಅವರೆಕಾಳಿನ ಸಿಪ್ಪೆಯಂತೆ ಎಪಿಡರ್ಮಿಸ್ ಒಂದೇ ಹಾಳೆಯಾಗಿ ಜಾರಿ ಬಂದರೆ ಅಲ್ಲಿಗೇ ನಿಲ್ಲಿಸಿ. ಚೂರುಚೂರಾಗಿ ಹರಿದರೆ ಇನ್ನೂ ಹತ್ತು ನಿಮಿಷ. ಈಗ ನೀವು ಮೊದಲೇ ಕತ್ತರಿಸುವುದರಿಂದ ಹಾಳೆ ಸಿಗುವ ಪ್ರಶ್ನೆಯೇ ಇಲ್ಲ, ಕಿಣ್ವ ನಾಲ್ಕೂ ಕಡೆಯಿಂದ ನುಗ್ಗುತ್ತದೆ. ಲ್ಯಾಂಗರ್‌ಹ್ಯಾನ್ಸ್ ಕೋಶಗಳನ್ನು ಸಿಡಿ45, ಎಂಎಚ್‌ಸಿ-2, ಎಪ್‌ಕ್ಯಾಮ್ ಗುರುತುಗಳಿಂದ ಪತ್ತೆಹಚ್ಚಿ, ಈ ಕೋಶಗಳ ಪ್ರೋಟೀನಾದ ಲ್ಯಾಂಗರಿನ್ ಅನ್ನು ಕೋಶದ ಒಳಗೆ ಸ್ಟೇನ್ ಮಾಡಿ. ಕಿಣ್ವಕ್ಕೆ ಒಳಗಿನದು ಎಟುಕುವುದಿಲ್ಲ. ಅದೇ ಹಾಳೆಯಲ್ಲಿ ಸಿಡಿ3 ತೀರಾ ಹೆಚ್ಚಿರುವ ಗುಂಪು ಕಂಡರೆ ಅದು ಇಲಿಯ ಎಪಿಡರ್ಮಿಸ್‌ಗೇ ಮೀಸಲಾದ ಗಾಮಾ-ಡೆಲ್ಟಾ ಕೋಶ, ಡಿಇಟಿಸಿ. ನಿಮಗೆ ಬೇಕಾದ ಐಎಲ್-17 ಗುಂಪು ಡರ್ಮಿಸ್‌ನಲ್ಲಿದೆ: ಗಾಮಾ-ಡೆಲ್ಟಾ ಮಧ್ಯಮ, ಸಿಡಿ44 ಹೆಚ್ಚು. ಎರಡನ್ನೂ ಒಂದೇ ಗೇಟ್‌ನಲ್ಲಿ (ಎಣಿಕೆಗೆ ಗುರುತಿಸಿದ ವಲಯ) ಹಾಕಿದರೆ ಶೇಕಡಾವಾರು ಅರ್ಥ ಕಳೆದುಕೊಳ್ಳುತ್ತದೆ.

ಎಷ್ಟೇ ಚೆನ್ನಾಗಿ ಕರಗಿಸಿದರೂ ಅಂಗಾಂಶದಲ್ಲಿ ನೆಲೆಸಿದ ಟಿ ಕೋಶಗಳಲ್ಲಿ ಕೈಗೆ ಬರುವುದು ಸ್ವಲ್ಪವೇ; ಸೂಕ್ಷ್ಮದರ್ಶಕದ ಎಣಿಕೆ ಹತ್ತಾರು ಪಟ್ಟು ಹೆಚ್ಚು ತೋರಿಸಿದ್ದುಂಟು. ಒಂದು ಕಿವಿಯನ್ನು ಎಣಿಕೆಗೆಂದೇ ಇಡಿ. 0.5 ಮೋಲಾರ್ ಅಮೋನಿಯಂ ಥಯೊಸಯನೇಟ್‌ನಲ್ಲಿ 37 ಡಿಗ್ರಿ, 20 ನಿಮಿಷ ಇಟ್ಟು ಎಪಿಡರ್ಮಿಸ್ ಸುಲಿದು, ಅಸಿಟೋನ್‌ನಲ್ಲಿ ಫಿಕ್ಸ್ ಮಾಡಿ, ಲ್ಯಾಂಗರಿನ್ ಮತ್ತು ಗಾಮಾ-ಡೆಲ್ಟಾ ಸ್ಟೇನ್ ಮಾಡಿ ಚದರ ಮಿಲಿಮೀಟರ್ ಲೆಕ್ಕದಲ್ಲಿ ಎಣಿಸಿ.

ಮನುಷ್ಯರ ಚರ್ಮಕ್ಕೆ ಈ ಕ್ರಮ ಹಾಗೆಯೇ ಒಗ್ಗದು. ಡರ್ಮಿಸ್ ದಪ್ಪ, ಡಿಇಟಿಸಿ ಇಲ್ಲವೇ ಇಲ್ಲ, ಸೋರಿಯಾಸಿಸ್‌ನಲ್ಲಿ ಐಎಲ್-17 ಹೆಚ್ಚಾಗಿ ಆಲ್ಫಾ-ಬೀಟಾ ಟಿ ಕೋಶಗಳದ್ದು. ಪ್ಯಾನೆಲ್ ಹೊಸದಾಗಿಯೇ ಕಟ್ಟಿ. ರೇಚಲ್ ಕ್ಲಾರ್ಕ್ ಅವರ ತಂಡ 2006ರಲ್ಲಿ ಕೊಟ್ಟ ದಾರಿಯಲ್ಲಿ ಚರ್ಮದ ಚೂರುಗಳನ್ನು ರಂಧ್ರಗಳಿರುವ ಜಾಲದ ಮೇಲೆ ಸುಮಾರು ಮೂರು ವಾರ ಬೆಳೆಸಿದರೆ ಟಿ ಕೋಶಗಳು ತಾವಾಗಿ ಹೊರಬರುತ್ತವೆ. ಐಎಲ್-2, ಐಎಲ್-15 ಸೇರಿಸಿದರೆ ಸಂಖ್ಯೆ ಇನ್ನೂ ಏರುತ್ತದೆ. ಕಿಣ್ವದ ಕಾಟವಿಲ್ಲದಿದ್ದರೂ ಆ ಮೂರು ವಾರದಲ್ಲಿ ಕೋಶಗಳು ವಿಭಜನೆಯಾಗಿರುತ್ತವೆ, ಆದ್ದರಿಂದ ಮೂಲ ಅನುಪಾತ ಹೇಳಲು ಅವು ಬರುವುದಿಲ್ಲ. ಲ್ಯಾಂಗರ್‌ಹ್ಯಾನ್ಸ್ ಕೋಶಗಳೂ ಎರಡು ಮೂರು ದಿನದಲ್ಲಿ ಹಾಳೆಯಿಂದ ಇಳಿದು ಬರುತ್ತವೆ, ಆದರೆ ಬರುವಾಗಲೇ ಸಕ್ರಿಯತೆಯ ಗುರುತುಗಳಾದ ಸಿಡಿ86, ಸಿಸಿಆರ್7 ಏರಿಸಿಕೊಂಡಿರುತ್ತವೆ. ಬಯಾಪ್ಸಿ ಬಂದ ದಿನವೇ ಕಾಲು ಭಾಗವನ್ನು ನೇರವಾಗಿ ಕರಗಿಸಿ ಸ್ಟೇನ್ ಮಾಡಿಡಿ, ಉಳಿದದ್ದನ್ನು ಬೆಳೆಸಿ.