ಎಚ್. ಪೈಲೋರಿ ಪಾಸಿಟಿವ್ ಅಂತ ರಿಪೋರ್ಟ್ ಬಂದಿದೆ, ಇದು ಕ್ಯಾನ್ಸರ್‌ಗೆ ತಿರುಗುತ್ತಾ?

ಪ್ರಶ್ನೆ

ನಮಸ್ಕಾರ ಡಾಕ್ಟ್ರೇ. ನನಗೆ 44 ವರ್ಷ. ಎರಡು ವರ್ಷದಿಂದ ಊಟ ಆದಮೇಲೆ ಹೊಟ್ಟೆ ಉಬ್ಬರ, ಉರಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಸುಮ್ನೆ ಮಾತ್ರೆ ನುಂಗುತ್ತಿದ್ದೆ. ಕಳೆದ ವಾರ ಎಂಡೋಸ್ಕೋಪಿ ಆಯಿತು. ಬಯಾಪ್ಸಿ ರಿಪೋರ್ಟಿನಲ್ಲಿ ‘ಎಚ್. ಪೈಲೋರಿ ಪಾಸಿಟಿವ್, ಕ್ರಾನಿಕ್ ಗ್ಯಾಸ್ಟ್ರೈಟಿಸ್’ ಅಂತ ಇದೆ. ಅದರ ಕೆಳಗೆ ‘ಫೋಕಲ್ ಇಂಟೆಸ್ಟಿನಲ್ ಮೆಟಾಪ್ಲೇಸಿಯಾ’ ಅಂತಲೂ ಬರೆದಿದ್ದಾರೆ. ನಮ್ಮ ತಂದೆ ತೀರಿಕೊಂಡಿದ್ದೇ ಹೊಟ್ಟೆ ಕ್ಯಾನ್ಸರ್‌ನಿಂದ. ನೆಟ್‌ನಲ್ಲಿ ಹುಡುಕಿದ್ದೇ ತಪ್ಪಾಯಿತು, ನಾಲ್ಕು ದಿನದಿಂದ ನಿದ್ದೆ ಇಲ್ಲ. ಒಂದು ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್ ಹೇಗೆ ಬರುತ್ತದೆ? ನನಗೂ ಬಂದೇ ಬರುತ್ತಾ?

ಡಾಕ್ಟರ್ (ಹೊಟ್ಟೆ, ಕರುಳಿನ ತಜ್ಞೆ)

ಮೊದಲು ನಿದ್ದೆ ಮಾಡಿ. ಬಂದೇ ಬರುತ್ತದೆ ಅಂತ ಖಂಡಿತ ಇಲ್ಲ.

ಪ್ರಪಂಚದಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನುವ ಈ ಬ್ಯಾಕ್ಟೀರಿಯಾ ಇದೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ, ಮನೆಯವರಿಂದಲೇ ಬರುತ್ತದೆ. ಬಹಳಷ್ಟು ಜನರಿಗೆ ಅದು ಇದೆ ಅನ್ನೋದೇ ಗೊತ್ತಾಗುವುದಿಲ್ಲ. ಇದು ಇರುವ 100 ಜನರಲ್ಲಿ ಕ್ಯಾನ್ಸರ್ ಆಗುವುದು 1ರಿಂದ 3 ಜನರಿಗೆ. ಹಾಗಂತ ಪಾಪದ ಪ್ರಾಣಿ ಅಂದುಕೊಳ್ಳಬೇಡಿ. ಅನ್ನನಾಳ ಬಂದು ಸೇರುವ ಮೇಲ್ತುದಿ ಬಿಟ್ಟು, ಹೊಟ್ಟೆಯ ಉಳಿದ ಭಾಗದಲ್ಲಿ ಬರುವ ಹತ್ತು ಕ್ಯಾನ್ಸರ್‌ಗಳಲ್ಲಿ ಸುಮಾರು ಒಂಬತ್ತಕ್ಕೆ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಹೇಗೆ ಅಂತ ಕೇಳಿದಿರಿ. ಹೊಸ ಚಪ್ಪಲಿ ಕಾಲು ಕಚ್ಚುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಒಂದು ದಿನ ಕಚ್ಚಿದರೆ ಗುಳ್ಳೆ ಬರುತ್ತದೆ, ಒಣಗುತ್ತದೆ. ಅದೇ ಜಾಗಕ್ಕೆ ದಿನಾ ಕಚ್ಚಿದರೆ ಚರ್ಮ ದಪ್ಪಗಾಗಿ ಬೇರೆ ಥರವೇ ಆಗಿಬಿಡುತ್ತದೆ. ಈ ಬ್ಯಾಕ್ಟೀರಿಯಾ ಹೊಟ್ಟೆಯ ಒಳಪದರವನ್ನು ಮೂವತ್ತು, ನಲವತ್ತು ವರ್ಷ ಹೀಗೆ ಕಚ್ಚುತ್ತದೆ. ಅಲ್ಲಿ ಊತ ಆರುವುದೇ ಇಲ್ಲ. ಸತ್ತ ಜೀವಕೋಶಗಳ ಜಾಗ ತುಂಬಲು ಹೊಸವು ಹುಟ್ಟುತ್ತಲೇ ಇರಬೇಕು. ಒಂದೊಂದು ಸಲ ಹುಟ್ಟುವಾಗಲೂ ಡಿಎನ್‌ಎ ನಕಲಾಗಬೇಕು. ನಕಲು ಜಾಸ್ತಿ ಆದಷ್ಟೂ ತಪ್ಪು ಜಾಸ್ತಿ. ಸಾಲದ್ದಕ್ಕೆ, ಕೆಲವು ತಳಿಗಳ ಮೈಮೇಲೆ ಸೂಜಿಯಂಥ ಒಂದು ಏರ್ಪಾಡು ಇದೆ. ಅದರ ಮೂಲಕ ‘ಕ್ಯಾಗ್-ಎ’ ಅನ್ನುವ ಪ್ರೋಟೀನನ್ನು ನಮ್ಮ ಕೋಶದೊಳಗೇ ಚುಚ್ಚಿಬಿಡುತ್ತವೆ. ಕೋಶ ಬೆಳೆಯುವ, ನಿಲ್ಲುವ ಲೆಕ್ಕವೆಲ್ಲ ಅಲ್ಲಿಗೆ ಕೆಡುತ್ತದೆ. ಇಂಥ ತಳಿ ಇದ್ದವರಿಗೆ ಅಪಾಯ ಹೆಚ್ಚು.

ಇದು ನಡೆಯುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಊತ, ನಿಮ್ಮ ರಿಪೋರ್ಟಿನ ಗ್ಯಾಸ್ಟ್ರೈಟಿಸ್ ಅಂದರೆ ಅದೇ. ಆಮೇಲೆ ಆಸಿಡ್ ತಯಾರಿಸುವ ಗ್ರಂಥಿಗಳು ಸವೆದುಹೋಗುತ್ತವೆ. ಆಮೇಲೆ ಹೊಟ್ಟೆಯ ಪದರ ಕರುಳಿನ ಪದರದಂತೆ ಬೆಳೆಯತೊಡಗುತ್ತದೆ. ನಿಮ್ಮ ರಿಪೋರ್ಟಿನ ಮೆಟಾಪ್ಲೇಸಿಯಾ ಇದೇ. ಸ್ಲೈಡ್ ನೋಡಿದರೆ, ಕರುಳಿನಲ್ಲಿ ಮಾತ್ರ ಇರಬೇಕಾದ, ಲೋಳೆ ತುಂಬಿ ಗುಳ್ಳೆಯಂತೆ ಉಬ್ಬಿದ ಕೋಶಗಳು ಹೊಟ್ಟೆಯ ತುಂಡಿನಲ್ಲಿ ಅಲ್ಲಲ್ಲಿ ಕೂತಿರುತ್ತವೆ. ಇದಾದ ಮೇಲೆ ಡಿಸ್‌ಪ್ಲೇಸಿಯಾ, ಅಂದರೆ ಕೋಶಗಳ ರೂಪವೇ ಕೆಡುವುದು, ಅದರ ಮೇಲೆ ಕ್ಯಾನ್ಸರ್. ಪ್ರತಿ ಮೆಟ್ಟಿಲಿನಲ್ಲೂ ಹೆಚ್ಚಿನವರು ಅಲ್ಲಲ್ಲೇ ನಿಂತುಬಿಡುತ್ತಾರೆ. ‘ಫೋಕಲ್’ ಅಂದರೆ ನಿಮ್ಮಲ್ಲಿ ಅದು ಅಲ್ಲೊಂದು ಚೂರು ಇದೆ, ಅಷ್ಟೇ.

ಒಬ್ಬ ಸದಸ್ಯರು

ಮೇಡಂ, ಒಂದು ಡೌಟು. ಹೊಟ್ಟೆಯಲ್ಲಿ ಅಷ್ಟೊಂದು ಆಸಿಡ್ ಇರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಹೇಗೆ ಬದುಕುತ್ತದೆ? ಟೆನ್ಷನ್, ಖಾರ ಇವುಗಳಿಂದ ಹುಣ್ಣಾಗುತ್ತದೆ ಅಂತಲ್ವಾ ಎಲ್ಲರೂ ಹೇಳುವುದು?

ಡಾಕ್ಟರ್

ನಿಮ್ಮ ಡೌಟೇ 40 ವರ್ಷದ ಹಿಂದೆ ಡಾಕ್ಟರುಗಳಿಗೂ ಇತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಅನ್ನುವ ಇಬ್ಬರು ಡಾಕ್ಟರುಗಳು ಹೊಟ್ಟೆಯ ಊತ, ಹುಣ್ಣಿಗೆ ಈ ಬ್ಯಾಕ್ಟೀರಿಯಾ ಕಾರಣ ಅಂದಾಗ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಎಂಡೋಸ್ಕೋಪಿಯಲ್ಲಿ ಹೊಟ್ಟೆ ಊದಿದ್ದು ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. (ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ!)

ಬದುಕುವ ಗುಟ್ಟು ಯೂರಿಯೇಸ್ ಅನ್ನುವ ಕಿಣ್ವ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ, ತನ್ನ ಸುತ್ತಲಿನ ಆಸಿಡ್ಡನ್ನು ಅದು ಸಪ್ಪೆ ಮಾಡಿಕೊಳ್ಳುತ್ತದೆ. ಆಮೇಲೆ ತಿರುಪಿನ ಹಾಗೆ ಲೋಳೆಯೊಳಗೆ ಕೊರೆದುಕೊಂಡು ಹೋಗಿ ಕೂರುತ್ತದೆ. ಎಂಡೋಸ್ಕೋಪಿ ರೂಮಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಕ್ಕಿಕಾಳಿಗಿಂತ ಚಿಕ್ಕ ತುಂಡನ್ನು ತೆಗೆದು ಯೂರಿಯಾ ಇರುವ ಹಳದಿ ಜೆಲ್ ಮೇಲೆ ಇಡುತ್ತೇವೆ. ಬ್ಯಾಕ್ಟೀರಿಯಾ ಇದ್ದರೆ ಜೆಲ್ ಗುಲಾಬಿಗೆ ತಿರುಗುತ್ತದೆ. ಕೆಲವೊಮ್ಮೆ ಪೇಷಂಟ್ ಎದ್ದು ಕೂರುವುದರೊಳಗೇ!

ಮಾರ್ಷಲ್‌ಗೆ ಬಂದದ್ದು ಊತ ಮಾತ್ರ. ಕ್ಯಾನ್ಸರ್ ವಿಷಯ ಗೊತ್ತಾಗಬೇಕಾದರೆ ವರ್ಷಗಟ್ಟಲೆ ಕಾದು ನೋಡಬೇಕಿತ್ತು. ಜಪಾನಿನಲ್ಲಿ ಹಾಗೆ ನೋಡಿ 2001ರಲ್ಲಿ ಪ್ರಕಟಿಸಿದರು. ಸೋಂಕು ಇದ್ದ 1,246 ಜನರಲ್ಲಿ 36 ಮಂದಿಗೆ ಕ್ಯಾನ್ಸರ್ ಬಂತು. ಸೋಂಕು ಇಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ಇನ್ನೊಬ್ಬ ಸದಸ್ಯರು

ನನಗೂ ಇದೇ ಬ್ಯಾಕ್ಟೀರಿಯಾದಿಂದ ಡ್ಯುಯೋಡಿನಲ್ ಅಲ್ಸರ್ (ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣು) ಆಗಿತ್ತು. ಹಾಗಾದರೆ ನನಗೆ ಡಬಲ್ ಅಪಾಯನಾ?

ಡಾಕ್ಟರ್

ಇಲ್ಲ, ವಿಚಿತ್ರ ಅಂದರೆ ಉಲ್ಟಾ. ಅಂಥವರಲ್ಲಿ ಊತ ಹೊಟ್ಟೆಯ ಕೆಳಭಾಗದಲ್ಲಿ ಇರುತ್ತದೆ, ಆಸಿಡ್ ಜಾಸ್ತಿ ಬರುತ್ತದೆ. ಕ್ಯಾನ್ಸರ್ ದಾರಿ ಹಿಡಿಯುವುದು ಊತ ಮೇಲಕ್ಕೂ ಹರಡಿ ಆಸಿಡ್ ಕಮ್ಮಿ ಆದವರಲ್ಲಿ. ಆದರೂ ಬ್ಯಾಕ್ಟೀರಿಯಾ ಹೋಗಿದೆಯಾ ಅಂತ ಟೆಸ್ಟ್ ಮಾಡಿಸಿಕೊಂಡಿಲ್ಲದಿದ್ದರೆ ಮಾಡಿಸಿ.

ಪ್ರಶ್ನೆ ಕೇಳಿದವರು

ಡಾಕ್ಟ್ರೇ, ನನ್ನಲ್ಲಿ ಮೆಟಾಪ್ಲೇಸಿಯಾ ಆಗಲೇ ಬಂದಾಗಿದೆ. ಈಗ ಔಷಧಿ ತಗೊಂಡರೆ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅಲ್ವಾ? ಮನೆಯವರಿಗೂ ಟೆಸ್ಟ್ ಬೇಕಾ?

ಡಾಕ್ಟರ್

ಕೋಟೆ ಇನ್ನೂ ನಿಮ್ಮದೇ ಇದೆ. ಬಾಗಿಲು ಹಾಕಿ.

ಕೊರಿಯಾದಲ್ಲಿ ಸರಿಯಾಗಿ ನಿಮ್ಮಂಥವರನ್ನೇ, ಅಂದರೆ ಹೊಟ್ಟೆ ಕ್ಯಾನ್ಸರ್ ಆದವರ ಮಕ್ಕಳು, ಒಡಹುಟ್ಟಿದವರನ್ನು, ಒಂಬತ್ತು ವರ್ಷ ನೋಡಿದ್ದಾರೆ. 2020ರಲ್ಲಿ ಬಂದ ಫಲಿತಾಂಶ ಇದು: ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ತಗೊಂಡವರಲ್ಲಿ 1.2% ಜನರಿಗೆ ಕ್ಯಾನ್ಸರ್, ಔಷಧಿ ಇಲ್ಲದ ಸುಳ್ಳು ಮಾತ್ರೆ ತಗೊಂಡವರಲ್ಲಿ 2.7%. ಅರ್ಧಕ್ಕಿಂತ ಕಮ್ಮಿ ಆಯಿತಲ್ಲ. ಆಗಲೇ ಬದಲಾದ ಜಾಗ ಪೂರ್ತಿ ಮೊದಲಿನಂತೆ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಅದಕ್ಕೇ ನಿಮ್ಮಂಥವರಿಗೆ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿ ನೋಡುತ್ತೇವೆ. ಸಿಗರೇಟ್ ಇದ್ದರೆ ಬಿಡಿ, ಉಪ್ಪು ಕಮ್ಮಿ ಮಾಡಿ. ಎರಡೂ ಇದೇ ಬೆಂಕಿಗೆ ತುಪ್ಪ ಸುರಿಯುತ್ತವೆ.

ಅಣ್ಣ, ತಮ್ಮ, ಅಕ್ಕ, ತಂಗಿ ಇದ್ದರೆ ಅವರು ಟೆಸ್ಟ್ ಮಾಡಿಸಲಿ, ತಂದೆಯ ಕಾರಣಕ್ಕೆ. ಹೆಂಡತಿಗೂ ಮಾಡಿಸಬಹುದು. ತೊಂದರೆ ಏನೂ ಇಲ್ಲದ ಚಿಕ್ಕ ಮಕ್ಕಳಿಗೆ ಈಗ ಬೇಡ.

ಜನ ಎಡವುವುದು ಕೋರ್ಸ್ ಮುಗಿದ ಮೇಲೆ. ಉರಿ ಹೋಯಿತು, ಹಾಗಾದರೆ ವಾಸಿಯಾಯಿತು ಅಂತ ಸುಮ್ಮನಾಗುತ್ತಾರೆ. ಉರಿ ಹೋದರೂ ಬ್ಯಾಕ್ಟೀರಿಯಾ ಇರಬಹುದು, ಎಷ್ಟೋ ಕಡೆ ಇದು ಆಂಟಿಬಯಾಟಿಕ್‌ಗೆ ಬಗ್ಗುತ್ತಿಲ್ಲ. 14 ದಿನದ ಕೋರ್ಸ್ ಮುಗಿದು ಕನಿಷ್ಠ 4 ವಾರ ಆದಮೇಲೆ ಉಸಿರಿನ ಟೆಸ್ಟ್ ಅಥವಾ ಮಲದ ಟೆಸ್ಟ್ ಮಾಡಿಸಿ. ಅದಕ್ಕೆ 2 ವಾರ ಮೊದಲೇ ಆಸಿಡ್ ಕಮ್ಮಿ ಮಾಡುವ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು. ರಕ್ತದ ಟೆಸ್ಟ್ ಇದಕ್ಕೆ ಆಗುವುದಿಲ್ಲ. ವಾಸಿಯಾದ ಮೇಲೂ ಅದು ಬಹಳ ಕಾಲ ಪಾಸಿಟಿವ್ ತೋರಿಸುತ್ತದೆ.

ಪ್ರಶ್ನೆ ಕೇಳಿದವರು (ಒಂದು ವಾರದ ನಂತರ)

ಕೋರ್ಸ್ ಶುರುವಾಗಿ ಇವತ್ತಿಗೆ 6 ದಿನ. ಬಾಯೆಲ್ಲ ಕಹಿ. ಬೆಳಿಗ್ಗೆ ಕನ್ನಡಿ ನೋಡಿದರೆ ನಾಲಿಗೆ ಕಪ್ಪು! ಮೋಶನ್ ಕೂಡ ಕಪ್ಪಗಿದೆ. ನಿಲ್ಲಿಸಿಬಿಡಲಾ?

ಡಾಕ್ಟರ್

ಬಿಸ್ಮತ್ ಮಾತ್ರೆ ಇದೆಯಾ? ಇದ್ದರೆ ಆ ಬಣ್ಣ ಅದರದ್ದೇ, ಕೋರ್ಸ್ ಮುಗಿದ ಮೇಲೆ ಹೋಗುತ್ತದೆ. ಕಹಿ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್‌ದು. ಆ ಮಾತ್ರೆ ಇರುವಷ್ಟು ದಿನ ಮದ್ಯ ಮುಟ್ಟಬೇಡಿ. ಮೋಶನ್ ಟಾರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ, ಇಲ್ಲವೇ ತಲೆ ಸುತ್ತಿದರೆ ಆಸ್ಪತ್ರೆಗೆ ಓಡಿ, ಅದು ರಕ್ತ ಇರಬಹುದು.

ಪ್ರಶ್ನೆ ಕೇಳಿದವರು

ಹಾಂ, ಬಿಸ್ಮತ್ ಇದೆ. ತಲೆ ಸುತ್ತು ಇಲ್ಲ, ಅಂಟೂ ಇಲ್ಲ. ಇನ್ನು 8 ದಿನ ಅಲ್ವಾ?

ಡಾಕ್ಟರ್

8 ದಿನ. ಟೆಸ್ಟಿನ ತಾರೀಖು ಈಗಲೇ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ.