ಕಡುಚಳಿಯಲ್ಲಿ ಕ್ಯಾಂಪರ್ ವಾಸ: ಗೋಡೆ ಬೆವರುತ್ತಿದೆ, ನಲ್ಲಿ ಕಟ್ಟಿದೆ, ಏನು ಮಾಡಬೇಕು?

ಚಕ್ರದಮನೆ (ಪ್ರಶ್ನೆ):

ನಾನು ಮತ್ತು ನನ್ನ ಪತ್ನಿ ಬೇಸಿಗೆಯಿಂದ ಮನೆಯಂತೆ ಸಜ್ಜುಗೊಳಿಸಿದ ವಾಹನವಾದ ಕ್ಯಾಂಪರ್‌ನಲ್ಲಿಯೇ ವಾಸವಾಗಿದ್ದೇವೆ. ಇದು ನಮಗೆ ಮೊದಲ ಚಳಿಗಾಲ. ಎರಡು ವಾರಗಳಿಂದ ರಾತ್ರಿಯ ಉಷ್ಣಾಂಶ ಮೈನಸ್ 15 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತಿದೆ. ಚಳಿಗಾಳಿ ಒಳನುಸುಳಬಾರದೆಂದು ಚಾವಣಿಯ ಗಾಳಿಕಿಂಡಿಗೆ ಹಳೆಯ ಹೊದಿಕೆಯನ್ನು ತುರುಕಿ, ಬಾಗಿಲಿನ ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ್ದೇವೆ. ಆದರೂ ಬೆಳಗ್ಗೆ ಎದ್ದಾಗ ಕಿಟಕಿಯ ಒಳಮೈಯಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ. ಮೊನ್ನೆ ಹಾಸಿಗೆಯನ್ನು ಮಗುಚಿ ನೋಡಿದರೆ ಅಡಿಭಾಗವೆಲ್ಲ ಒದ್ದೆಯಾಗಿ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು. ಡೀಸೆಲ್ ಹೀಟರ್ ಇದೆಯಾದರೂ ಇಂಧನ ಉಳಿಸುವ ಉದ್ದೇಶದಿಂದ ಮಲಗುವ ಮುನ್ನ ಅರ್ಧ ಗಂಟೆ ಗ್ಯಾಸ್ ಒಲೆಯನ್ನೇ ಉರಿಸಿ, ಆಮೇಲೆ ಹೀಟರನ್ನು ಸಣ್ಣಗೆ ಇಡುತ್ತೇವೆ. ಮೂರು ದಿನಗಳಿಂದ ಸಿಂಕಿನ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬೆಳಗಿನ ಹೊತ್ತು ಒಲೆಯ ಉರಿಯೂ ಮಂಕಾಗಿರುತ್ತದೆ. ಪತ್ನಿಗೆ ಎದ್ದ ಕೂಡಲೇ ತಲೆನೋವು ಬರುತ್ತಿದ್ದು, ಅದು ಚಳಿಯ ಕಾರಣದಿಂದ ಇರಬಹುದೆಂದು ಭಾವಿಸಿದ್ದೇವೆ. ಚಳಿಗಾಲವನ್ನು ಹೀಗೆ ಕಳೆದ ಅನುಭವವಿರುವವರು ದಯವಿಟ್ಟು ತಿಳಿಸಿ.

ಐದನೇಚಳಿಗಾಲ:

ಉಳಿದದ್ದನ್ನೆಲ್ಲ ಬದಿಗಿಟ್ಟು ಮೊದಲು ನಿಮ್ಮ ಪತ್ನಿಯವರ ತಲೆನೋವಿನ ಕಡೆ ಗಮನ ಕೊಡಿ. ಮುಚ್ಚಿದ ಕಿಂಡಿ, ಒಳಗೆ ಉರಿಯುವ ಒಲೆ, ಬೆಳಗಿನ ತಲೆನೋವು ಈ ಮೂರೂ ಒಟ್ಟಿಗೆ ಕಂಡರೆ ಕಾರ್ಬನ್ ಮಾನಾಕ್ಸೈಡ್ ಅನ್ನು ಅನುಮಾನಿಸಲೇಬೇಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಸ್ವಲ್ಪವೇ ಇದ್ದರೂ ಅಪಾಯಕಾರಿ, ಮಲಗಿರುವವರಿಗಂತೂ ಎಚ್ಚರವೇ ಆಗದಿರಬಹುದು. ಹೊರಗಿನ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಾಗ ತಲೆನೋವು ಇಳಿಯುತ್ತದೆಯೆಂದಾದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಇಂದೇ ವೈದ್ಯರ ಬಳಿಗೆ ಹೋಗಿ, ನೀವು ಕ್ಯಾಂಪರ್‌ನಲ್ಲಿ ವಾಸವಿರುವುದನ್ನೂ ಒಲೆ ಉರಿಸುವುದನ್ನೂ ಹೇಳಿ. ರಕ್ತ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಮಲಗುವ ಜಾಗದ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕದೆ ಇನ್ನೊಂದು ರಾತ್ರಿಯನ್ನೂ ಕಳೆಯಬೇಡಿ. ಹೀಟರಿನ ಹೊಗೆ ಕೊಳವೆ ಹಿಮದಲ್ಲಿ ಹೂತಿದೆಯೇ ಎಂಬುದನ್ನು ಹಿಮ ಬಿದ್ದಾಗಲೆಲ್ಲ ಬಗ್ಗಿ ನೋಡಬೇಕು.

ಇನ್ನು ತೇವದ ವಿಷಯ. ಚಳಿಗಾಲದಲ್ಲಿ ಕ್ಯಾಂಪರನ್ನು ಹಾಳುಮಾಡುವುದು ಚಳಿಗಿಂತ ಹೆಚ್ಚಾಗಿ ನೀರಾವಿಯೇ ಎಂಬುದು ನನಗೆ ಎರಡನೆಯ ವರ್ಷ ಅರ್ಥವಾಯಿತು. ಗೋಡೆಗೆ ಹೊಂದಿಕೊಂಡಿದ್ದ ಬೀರುವಿನ ಹಿಂಬದಿಯ ಹಲಗೆಯನ್ನು ಕಿತ್ತಾಗ ಅದು ನೆನೆದ ರಟ್ಟಿನಂತೆ ಪದರ ಪದರವಾಗಿ ಕೈಗೆ ಬಂದಿತ್ತು. ಹೊರಗಿನಿಂದ ಒಂದು ಹನಿಯೂ ಸೋರಿರಲಿಲ್ಲ. ಒಲೆಯ ಅನಿಲವಾದ ಪ್ರೊಪೇನ್ ಒಂದು ಕಿಲೋ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಒಲೆಯಿಂದ ಬೆಚ್ಚಗಾಗುವುದೆಂದರೆ ಆ ನೀರನ್ನೆಲ್ಲ ನಿಮ್ಮ ಕೋಣೆಯೊಳಗೇ ಸುರಿದುಕೊಂಡಂತೆ. ಇದರ ಜೊತೆಗೆ ಇಬ್ಬರ ಉಸಿರು, ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ಪಸೆ ಎಲ್ಲವೂ ಸೇರಿ, ಹೊರಹೋಗಲು ದಾರಿಯಿಲ್ಲದೆ, ಎಲ್ಲಿ ಮೈ ತಣ್ಣಗಿದೆಯೋ ಅಲ್ಲಿ ನೀರಾಗಿ ಇಳಿಯುತ್ತವೆ.

ಆದ್ದರಿಂದ ಹೊದಿಕೆಯನ್ನು ತೆಗೆದು ಚಾವಣಿಯ ಕಿಂಡಿಯನ್ನು ಎರಡು ಬೆರಳಿನಷ್ಟು ತೆರೆದಿಡಿ, ಕೆಳಗೊಂದು ಕಡೆ ಗಾಳಿ ಒಳಬರಲು ಬಿಡಿ. ತೂತು ಮಡಕೆಗೆ ನೀರು ಹೊಯ್ದಂತೆ ಬಿಸಿಯೆಲ್ಲ ಸೋರಿಹೋಗುತ್ತದೆ ಎಂಬ ಭಯ ಸಹಜ. ಆದರೆ ಹೊರಗಿನ ಕೊರೆಯುವ ಗಾಳಿಯಲ್ಲಿ ನೀರಿನ ಅಂಶ ಬಹಳ ಕಡಿಮೆಯಿದ್ದು, ಅದು ಒಳಗೆ ಬಂದು ಬೆಚ್ಚಗಾದಾಗ ಪಸೆಯನ್ನು ಹೀರಿಕೊಂಡು ಹೊರಗೆ ಒಯ್ಯುತ್ತದೆ. ಬಿಸಿಗೆ ಹೀಟರನ್ನು ಮಾತ್ರ ನೆಚ್ಚಿಕೊಳ್ಳಿ. ಸರಿಯಾಗಿ ಕೂರಿಸಿದ ಡೀಸೆಲ್ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು, ಹೊಗೆಯನ್ನೂ ನೀರಾವಿಯನ್ನೂ ಹೊರಗೇ ಬಿಡುತ್ತದೆ. ಸದಾ ಸಣ್ಣಗೆ ಉರಿಸಿದರೆ ಅದರೊಳಗೆ ಮಸಿ ಕಟ್ಟುವುದರಿಂದ ದಿನಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ. ಹಾಸಿಗೆಯ ಕೆಳಗೆ ಮರದ ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ಗಾಳಿಯಾಡಲು ಜಾಗ ಮಾಡಿ.

ಹಿಮದಹಾದಿ:

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನೀರಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ಕಟ್ಟಿದ ಪೈಪಿಗೆ ಬೆಂಕಿ ಹಿಡಿಯಬೇಡಿ. ಪಂಪನ್ನು ಆರಿಸಿ, ನಲ್ಲಿಯನ್ನು ತೆರೆದಿಟ್ಟು, ಸಿಂಕಿನ ಕೆಳಗಿನ ಕಪಾಟಿನ ಬಾಗಿಲನ್ನು ತೆಗೆದು ಹೀಟರಿನ ಬಿಸಿಗಾಳಿ ಅಲ್ಲಿಗೆ ತಲುಪುವಂತೆ ಮಾಡಿದರೆ ಕೆಲವು ಗಂಟೆಗಳಲ್ಲಿ ಬಿಟ್ಟುಕೊಳ್ಳುತ್ತದೆ. ನೀರು ಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುವುದರಿಂದ ಜೋಡಣೆಗಳು ಬಿರಿದಿರಬಹುದು. ಅದು ಗೊತ್ತಾಗುವುದು ಗಡ್ಡೆ ಕರಗಿದ ಮೇಲೆಯೇ. ಪಂಪ್ ಹಾಕುವಾಗ ಕೈಯಲ್ಲಿ ಟಾರ್ಚ್ ಇರಲಿ. ಬಳಸಿದ ನೀರಿನ ಟ್ಯಾಂಕ್ ವಾಹನದ ಅಡಿಯಲ್ಲಿದ್ದರೆ ಅದರ ವಾಲ್ವನ್ನು ತೆರೆದಿಟ್ಟು ಕೆಳಗೊಂದು ಬಕೆಟ್ ಇಡುವುದು ಮೇಲು, ಏಕೆಂದರೆ ಬಕೆಟ್ಟಿನಲ್ಲಿ ಗಡ್ಡೆ ಕಟ್ಟಿದರೆ ನಷ್ಟವಿಲ್ಲ.

ಉರಿ ಮಂಕಾಗಲು ಬಹುಶಃ ಸಿಲಿಂಡರಿನಲ್ಲಿರುವ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರ ಅನಿಲವೇ ಕಾರಣ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ, ಆದರೆ ಬ್ಯುಟೇನ್ ಸೊನ್ನೆಯ ಆಸುಪಾಸಿನಲ್ಲೇ ದ್ರವವಾಗಿ ನಿಂತುಬಿಡುತ್ತದೆ. ಮೊದಲು ಪ್ರೊಪೇನ್ ಖರ್ಚಾಗಿ, ಉಳಿದ ಬ್ಯುಟೇನ್ ತಳದಲ್ಲಿ ಸುಮ್ಮನೆ ಕುಳಿತಿರುತ್ತದೆ. ಚಳಿಗಾಲಕ್ಕೆ ಶುದ್ಧ ಪ್ರೊಪೇನ್ ಸಿಲಿಂಡರನ್ನೇ ತನ್ನಿ.

ದೀಪಸ್ತಂಭ:

ನಿಮ್ಮದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾಗಿದ್ದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹದ ಪದರ ಕಟ್ಟಿ, ಮತ್ತೆ ಸರಿಯಾಗದಂತೆ ಕೆಡುತ್ತದೆ. ಬ್ಯಾಟರಿಯನ್ನು ಬೆಚ್ಚಗಿರುವ ಒಳಭಾಗಕ್ಕೆ ತಂದಿಡಿ.

ಚಕ್ರದಮನೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಂದೇ ವೈದ್ಯರನ್ನು ಕಂಡೆವು. ಪತ್ನಿಯ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದು ಖಚಿತವಾಗಿ, ಕೆಲವು ಗಂಟೆ ಆಮ್ಲಜನಕ ಕೊಟ್ಟು ಕಳುಹಿಸಿದರು. ಹಿಂದಿರುಗಿ ಬಂದು ನೋಡಿದರೆ ಹೀಟರಿನ ಹೊಗೆ ಕೊಳವೆಯ ಬಾಯಿ ಮುಕ್ಕಾಲು ಭಾಗ ಹಿಮದಲ್ಲಿ ಹೂತಿತ್ತು. ಅದನ್ನು ಬಿಡಿಸಿ, ಅಲಾರಂ ಹಾಕಿ, ಕಿಂಡಿ ತೆರೆದೆವು. ಒಲೆ ಈಗ ಅಡುಗೆಗೆ ಮಾತ್ರ. ನಾಲ್ಕು ಬೆಳಗಿನಿಂದ ತಲೆನೋವು ಬಂದಿಲ್ಲ, ಕಿಟಕಿಯ ಅಂಚಿನಲ್ಲಿ ಮಾತ್ರ ತೆಳುವಾಗಿ ಮಂಜು ಕಾಣುತ್ತದೆ. ನಲ್ಲಿಯೂ ಬಿಟ್ಟುಕೊಂಡಿತು. ಸಿಂಕಿನ ಕೆಳಗಿನ ಒಂದು ಜೋಡಣೆ ಹನಿಕ್ಕುತ್ತಿದ್ದು, ಅದನ್ನು ನಾಳೆ ಬದಲಿಸುತ್ತೇನೆ.